ಆರು ಹೆಜ್ಜೆ ಹಿಂದೆ

ರಾಟೆ ಮೊದಲು ಬಂದದ್ದು ನನ್ನ ತೋಳಿಗೆ.
ಭುಜ ಮರಗಟ್ಟಿದೆ, ಎಂದಳು ಫಿಸಿಯೋಥೆರಪಿಯ ಶಾಜಿಯಾ.
ಬಾಗಿಲ ಮೇಲೆ ಕೊಂಡಿ ಹೊಡೆಸಿ, ಹಗ್ಗ ಇಳಿಬಿಟ್ಟು,
ಒಳ್ಳೆ ಕೈಯಿಂದ ಕೆಟ್ಟ ಕೈಯನ್ನು ಎಳೆಯಿರಿ, ದಿನಕ್ಕೆ ಮೂವತ್ತು ಸಲ.
ನೋವು ಶುರುವಾದಲ್ಲಿ ನಿಲ್ಲಿ.
ನಾಳೆ ಅಲ್ಲಿಂದ ಒಂದು ಕೂದಲೆಳೆ ಮುಂದೆ.

ಮರಗಟ್ಟಿದೆ. ಆ ಮಾತೇ ಇರಬೇಕು
ಗುತ್ತಲು ರಸ್ತೆಯ ಚೆಲುವಾಚಾರಿ ಅಂಗಡಿಗೆ ನನ್ನನ್ನು ತಳ್ಳಿದ್ದು.
ಮೂಲೆಯಲ್ಲಿ ತಡಸಲು ಮರದ ಸೀಳು, ಗಾಡಿಗೆಂದು ಕೊಯ್ಯಿಸಿ
ಗಾಡಿಯವನೇ ಬಾರದೆ ಉಳಿದದ್ದು, ಸರಿಯಾಗಿ ನನ್ನೆತ್ತರ.
"ಬಗ್ಗುತ್ತಾ ಇದು?"
"ಬಗ್ತದೆ ಕನವ್ವ. ಯಾವ್ ಕಡೀಕೆ ಅನ್ನದು ಮಾತ್ರ ಅದ್ರಿಷ್ಟ."
ಬಿಲ್ಲಿಗೆ, ಅಂದೆ.
ಅವನು ನನ್ನ ಭುಜ ನೋಡಿದ. ದುಡ್ಡು ಕಡಿಮೆ ತಗೊಂಡ.

ಹಿತ್ತಲ ಗೋಡೆಗೆ, ತಲೆಯೆತ್ತರದಲ್ಲಿ, ಬೇವಿನ ಗೂಟ;
ಗೂಟದ ತುದಿಗೆ ಕಚ್ಚು, ಕಚ್ಚಿನೊಳಗೆ ಹಳೇ ಚಪ್ಪಲಿಯ ತೊಗಲು.
ಅಲ್ಲಿ ನಡು ಊರಿ ಅಡ್ಡ ಮಲಗಿತು ಮರ, ಎರಡೂ ತೋಳು ಚಾಚಿ.
ಬಾಗಿಲ ಮೇಲಿನ ರಾಟೆ ಇಳಿದು ಒಗೆಯುವ ಕಲ್ಲಿನ ಬುಡ ಸೇರಿತು.
ಸಡಿಲ ಹೆದೆಗೆ ಕೊಕ್ಕೆ,
ಕೊಕ್ಕೆಗೆ ಹಳೇ ಪೇಪರಿನವನಿಂದ ಕೊಂಡ ಸ್ಪ್ರಿಂಗ್ ತಕ್ಕಡಿ,
ತಕ್ಕಡಿಯಿಂದ ಹಗ್ಗ ರಾಟೆಯೊಳಗೆ ನುಸುಳಿ
ಆರು ಹೆಜ್ಜೆ ಆಚೆ, ಕರಿಬೇವಿನ ಗಿಡದ ಹತ್ತಿರ, ನನ್ನ ಕೈಗೆ.
ಪಕ್ಕದಲ್ಲೇ ನಿಂತವಳಿಗೆ ಬಾಗು ಕಾಣುವುದಿಲ್ಲ.
ಗೋಡೆಯ ಮೇಲೆ ಇದ್ದಿಲಿನ ಗೆರೆ, ಅಂಗುಲಕ್ಕೊಂದು.

ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿದ್ದೆ.
ತುಂಬಿ ಬಂದ ಲಾರಿಯ ತೂಕ, ಖಾಲಿ ಹೊರಟಾಗಿನ ತೂಕ,
ಕಳೆದು ಬರೆದದ್ದೇ ಕಬ್ಬು.
ಕಬ್ಬು ತಂದವರು ಮುಳ್ಳು ನೋಡುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದರು.

ಮೊದಲನೆಯದು ಹನ್ನೆರಡನೇ ಗೆರೆಗೆ ಮುರಿಯಿತು.
ಬಲತೋಳು ಒಂದೇ ಜಾಗದಲ್ಲಿ ಕುಸಿಯುತ್ತಿದ್ದದ್ದು ಕಂಡಿತ್ತು,
ಇನ್ನೊಂದೇ ಗೆರೆ ಎಂದು ಎಳೆದವಳು ನಾನೇ.
ಗೋಡೆಯಾಚೆಯಿಂದ ನಿಂಗಾಜಮ್ಮ:
"ಏನಮ್ಮೋ, ಕುಕ್ಕರ್ ಸಿಡೀತಾ?"

ಆಚಾರಿಯ ಹತ್ತಿರ ಅದರ ಜೋಡಿ ಸೀಳು ಇತ್ತು.
ಈ ಸಲ ಪೂರ್ತಿ ದುಡ್ಡು ತಗೊಂಡ.

ಎಳೆ, ನೋಡು, ಸಡಿಲಿಸು.
ಬಾಗದ ಕಡೆ ಇದ್ದಿಲ ಗುರುತು, ಅಲ್ಲಷ್ಟೇ ಗಾಜಿನ ಚೂರು,
ಈರುಳ್ಳಿ ಸಿಪ್ಪೆಯಂಥ ಹೊಟ್ಟು ಕಾಲಡಿಗೆ.
ಬಾಗುವ ಕಡೆಯನ್ನು ಮುಟ್ಟಬಾರದು,
ಪಾಪ, ಅದಾಗಲೇ ಇಬ್ಬರ ಕೆಲಸ ಮಾಡುತ್ತಿದೆ.
ಮತ್ತೆ ಮೂವತ್ತು ಸಲ ಮೆಲ್ಲಗೆ ಎಳೆದು ಬಿಡು,
ಮರದ ಒಳಗೆಲ್ಲ ಸುದ್ದಿ ಮುಟ್ಟುವವರೆಗೆ.
ಮೊದಮೊದಲು ಬಲಗೈಯಲ್ಲಿ. ಆಮೇಲೆ ಯಾವತ್ತೋ ಎರಡೂ ಕೈಯಲ್ಲಿ.
ಆಲೆಮನೆ ಕಡೆಯ ಗಾಳಿ ಬೀಸಿದ ಸಂಜೆ
ಹಗ್ಗವೂ ಅಂಟಂಟು ಅನ್ನಿಸುತ್ತಿತ್ತು.

ಶಾಜಿಯಾ ಬಂದಳು. ರಾಟೆ ಎಲ್ಲಿ, ಎಂದಳು.
ತೋರಿಸಿದೆ. ಬ್ಯಾಗು ಕೆಳಗಿಟ್ಟು ತಾನೂ ಒಮ್ಮೆ ಎಳೆದಳು,
ಮುಳ್ಳು ಹತ್ತು ಕೆಜಿ ದಾಟಿತು.
ಗೆರೆಗಳನ್ನು ತುಟಿಯಲ್ಲೇ ಎಣಿಸಿ,
"ಎಡತೋಳು ಇನ್ನೂ ಒಂಚೂರು ಬಿಗಿ."
ಯಾರದ್ದು ಎಂದು ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ, ಎಂಟು ತಿಂಗಳ ಮೇಲೆ,
ತುರುಬು ನಾನೇ ಕಟ್ಟಿಕೊಂಡೆ.
ಇಷ್ಟು ದಿನ ಕಟ್ಟಿದವಳು ನಿಂಗಾಜಮ್ಮ, ಬೈದುಕೊಂಡು.
ಎಣ್ಣೆ ಬಟ್ಟಲು ಹಿಡಿದು ಬಂದವಳು ಹಿಂದೆಯೇ ನಿಂತುಬಿಟ್ಟಳು,
ಕರಿಬೇವಿನ ಗಿಡದ ಹತ್ತಿರ,
ನನ್ನ ಹಾಗೇ ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿ.
"ಎಡಕ್ಕೆ ವಾಲೈತೆ ಕಣಮ್ಮೋ,"
ಅಂದಳು. ಕೈ ಮಾತ್ರ ಮುಂದೆ ಮಾಡಲಿಲ್ಲ.

ಗೂಟದ ಮೇಲೆ ಬಿಲ್ಲೂ ಅದೇ ಕಡೆಗೆ, ಒಂದು ಬೆರಳು.
ಕಲ್ಲಿನ ಮೇಲಿದ್ದ ಗಾಜಿನ ಚೂರು ಎತ್ತಿಟ್ಟು
ಬಟ್ಟೆ ನೆನೆಹಾಕಿದೆ.