ಏಳಂಕಣ

ತಾವರಗೇರಿಯ ಆ ಮಾಳಿಗೆಮನೆಯಲ್ಲಿ
ಟೇಪು ಬಿಚ್ಚಿ ಕೇಳಿದೆ, ಉದ್ದ ಎಷ್ಟಡಿ?
"ಅಡಿ ಗಿಡಿ ಗೊತ್ತಿಲ್ರಿ, ಏಳಂಕಣ" ಅಂದಳು ಹುಲಿಗೆವ್ವ.
"ಮುಂದಿನ ಎರಡು ಎತ್ತಿನವು,
ಒಂದು ಮೆಟ್ಟಿಲ ಮ್ಯಾಲೆ ನಾವು."

ಗ್ವಾದಲಿಯ ಅಂಚು
ಎಷ್ಟು ಗದ್ದಗಳು ಉಜ್ಜಿದ್ದವೋ,
ಕಲ್ಲು ಕನ್ನಡಿಯಾಗಿತ್ತು.

ಬೆಳಕಿಂಡಿಯ ಬಿಸಿಲು ಮೂರನೇ ಕಂಬ ಮುಟ್ಟಿದರೆ
ಹೊಲಕ್ಕೆ ಬುತ್ತಿ ಹೊರಡುವ ಹೊತ್ತು.
ಇದಕ್ಕೆ ನನ್ನ ನಕ್ಷೆಯಲ್ಲಿ ಗುರುತಿಲ್ಲ.

ಹಗೇವು?
ಚಾಪೆ ಸರಿಸಿದಳು, ಚಪ್ಪಡಿ ಎತ್ತಿದಳು,
ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟಳು.
"ದೀಪ ಉಳಿದ್ರ ಮನಷಾ ಇಳೀಬಹುದು."
ಇಬ್ಬರೂ ಬಗ್ಗಿದೆವು, ಉಸಿರು ಹಿಡಿದು.

ಉಳಿಯಿತು.
ಗೋಡೆಗಂಟಿದ ಹಳೇ ಜೋಳದ ಹುಲ್ಲು ಹೊಳೆಯಿತು.

ಮೇಲೆಳೆದ ಹಗ್ಗಕ್ಕೆ ಮೊಳ ಹಾಕಿದೆವು:
ಅವಳದು ಒಂಬತ್ತು, ನನ್ನದು ಎಂಟೂವರೆ.
ನಕ್ಷೆಯಲ್ಲಿ ಒಂಬತ್ತು ಅಂತಲೇ ಬರೆದೆ.