ಲೆಕ್ಕ

ರಾತ್ರಿ ಒಂದೂವರಿಗಿ ಫೋನ್ ಬಂತು:
ಪರ್ಸಿ ಖಣಿಯಾಗ ದೇವಿಂದ್ರ ನಿಂತಾನ,
ಕೈಯಾಗ ಸುತ್ತಿಗಿ, ಮೈಮ್ಯಾಗ ಖಬರಿಲ್ಲ,
ಜಲ್ದಿ ಬರ್ರಿ ಸಾಹೇಬ್ರ, ಬರೂಮುಂದ ಹಗ್ಗ ತರ್ರಿ.

ಜೀಪಿನಾಗ ಹಗ್ಗ ಇತ್ತು. ಬೇಡಿ ಇತ್ತು, ಲಾಠಿ ಇತ್ತು,
ಬಂದೋಬಸ್ತಿಗಿ ಒಯ್ದ ಹೆಲ್ಮೆಟ್ಟು ಎರಡು.
ಇಂಥಾದಕ್ಕ ಏನು ಒಯ್ಯಬೇಕು ಅಂತ
ಟ್ರೇನಿಂಗಿನಾಗ ಯಾರೂ ಹೇಳಿರಲಿಲ್ಲ.
ಡ್ರೈವರ್ ಮೌಲಾಸಾಬ ಅಂದ: ಥರ್ಮಾಸಿನಾಗ ಚಾ ತುಂಬಿಸ್ಕೊಳ್ರಿ.

ಶಹಾಬಾದ ದಾಟಿ ಮಣ್ಣಿನ ಹಾದಿ. ಬೆಳದಿಂಗಳಾಗ
ಒಟ್ಟಿದ ಪರ್ಸಿ, ಇತ್ಯರ್ಥ ಆಗದ ಫೈಲಿನಂಗ.
ಊರು ದೂರ ನಿಂತು
ಅವನ ಮಾರಿಗಿ ಮೊಬೈಲಿನ ಬೆಳಕು ಹಿಡದಿತ್ತು.
ಸುತ್ತಿಗಿಗಿ ಎಲ್ಲರಕಿಂತ ಸಮೀಪ ಅವರವ್ವ ಜಗದೇವಿ.

ಅಂವ ಎಣಿಸ್ತಿದ್ದ.
ನಾಕನೂರಾ ಹನ್ನೊಂದು. ನಾಕನೂರಾ ಹನ್ನೆರಡು.
ನಿಂತರ ಛತ್ತು ಬೀಳತದ, ಅಂದ, ಅವ್ವನ ಮ್ಯಾಲ.
ಯಾರು ಹೇಳ್ಯಾರ?
ಕಲ್ಲು.
ಮೂರು ರಾತ್ರಿ ಆಯ್ತು. ಕಣ್ಣು ಹತ್ತಿದ್ರ ಮತ್ತ ಒಂದರಿಂದ.

ಹೋದ ಶ್ರಾವಣದಾಗ, ಹೊಳಿ ಆಚಿ ಒಂದು ಹಳ್ಳ್ಯಾಗ,
ನಾವು ನಾಕು ಮಂದಿ ಒಬ್ಬನ ಎದಿಮ್ಯಾಲ ಕುಂತಿದ್ವಿ.
ಅವನ ತುಟಿನೂ ಅಲುಗಾಡ್ತಿತ್ತು.
ಏನಂತಿದ್ದ, ನಾ ಕೇಳಲಿಲ್ಲ.
ಡೈರಿಯಾಗ ಬರದೆ: ಶಾಂತನಾದ.

ಬೆಲ್ಟ್ ಬಿಚ್ಚಿ ಜೀಪಿನಾಗಿಟ್ಟೆ, ಟೊಪ್ಪಿಗಿನೂ.
ಬೆಳಕು ಆರಿಸ್ರಿ ಅಂತ ಊರಿಗಿ ಬೈದೆ.
ದೇವಿಂದ್ರ, ನೀ ಚಾ ಕುಡಿ, ಅಲ್ಲೀತನಾ ನಾ ಎಣಿಸ್ತೀನಿ.
ಎಷ್ಟಕ್ಕ ಬಂದದ?
ಭಾಳ ಹೊತ್ತು ನನ್ನ ನೋಡಿದ,
ತಿಜೋರಿ ಕೀಲಿ ಕೊಡೋ ಮುನೀಮನಂಗ.
ಆರನೂರಾ ಮೂರು, ಅಂದ. ತಪ್ಪಬ್ಯಾಡ್ರಿ.

ಒಂದು ಸಲ ತಪ್ಪಿದೆ. ಅಂವನೇ ತಿದ್ದಿದ.
ಸುತ್ತಿಗಿ ಯಾವಾಗ ಜಗದೇವಿ ಸೆರಗಿನ್ಯಾಗ ಹೋಯ್ತೋ
ಲೆಕ್ಕದಾಗಿದ್ದೆ, ನೋಡಲಿಲ್ಲ.

ಮುಂಜಾನಿ ಕಲಬುರಗಿ ದೊಡ್ಡ ದವಾಖಾನಿ.
ಮನಸಿನ ಡಾಕ್ಟರು ಹತ್ತಕ್ಕ ಬರ್ತಾರಂತ, ಬಂದರ.
ಮೌಲಾಸಾಬನ ಹೆಗಲಿಗಿ ತಲಿ ಕೊಟ್ಟು
ದೇವಿಂದ್ರ ಬಾಯಿ ತಗದು ಮಲಗ್ಯಾನ,
ಕೆಳಗಿನ ತುಟಿಗಿ ಚಾದ ಕಲಿ.

ಠಾಣಾದಿಂದ ಫೋನು: ಎಲ್ಲಿ ಅದೀ? ಕಲಂ ಯಾವುದು ಹಾಕೂದು?
ಜರಾ ತಡೀರಿ, ಅಂದೆ.
ಇಲ್ಲಿ ನೆಲಕ್ಕೂ ಪರ್ಸಿನೇ ಹಾಸ್ಯಾರ,
ಈ ಬಾಗಲದಿಂದ ಆ ಬಾಗಲತನಾ ಹೋಗಿ ಬಂದು
ಮೂರು ಸಾವಿರ ದಾಟ್ಯಾವ, ಇನ್ನ ನಿಲ್ಲಸಬೌದು,
ಅಂವ ನಿದ್ದ್ಯಾಗ ಅದಾನ, ಯಾರೂ ಕೇಳೂದಿಲ್ಲ.

ಖರೆ, ಮ್ಯಾಲ ಛತ್ತು ಅದ.
ಕೆಳಗ ಜಗದೇವಿ ಕುಂತಾಳ.