ಒಂದು ಸಾಲು

ಬದುವಿನ ಮೇಲೆ ನಡೆಯುತ್ತಿದ್ದೇನೆ, ಕೈಯಲ್ಲಿ ರಿಮೋಟು.
ಮೂಲೆ ಮೂಲೆಗೂ ನಿಂತು ಗುಂಡಿ ಒತ್ತಬೇಕು,
ಒತ್ತಿದರೆ ಪರದೆಯ ಮೇಲೊಂದು ಚುಕ್ಕಿ,
ಚುಕ್ಕಿಗೆ ಚುಕ್ಕಿ ಸೇರಿದರೆ ಗದ್ದೆ.
ರಂಗೋಲಿ ಬಿಟ್ಟಂತೆ ಅಂದುಕೊಂಡಿದ್ದೆ ಮೊದಮೊದಲು.
ರಂಗೋಲಿಗಾದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಬಸರಿಕೊಪ್ಪಲಿನಲ್ಲಿ ಡ್ರೋನು ಹಾರಿಸುವವಳು ನಾನೊಬ್ಬಳೇ.
ಸಂಘದ ಹೆಸರಲ್ಲಿ ಬಂದ ಯಂತ್ರ, ಹದಿನೈದು ದಿನದ ತರಬೇತಿ,
ಹತ್ತು ಲೀಟರಿನ ಹೊಟ್ಟೆ, ಆರು ರೆಕ್ಕೆ,
ಎಕರೆಗೆ ಎಂಟು ನಿಮಿಷ.
ಮೊದಲ ದಿನ ನಾಲೆಯ ಏರಿ ಮೇಲೆ ಅರ್ಧ ಊರು ನಿಂತಿತ್ತು.
"ಸುನಂದಿ ಹಾರಿಸ್ತಾವ್ಳಂತೆ ಬರ‍್ರೋ" ಅಂತ ಬಂದವರು
ಕೊಕ್ಕರೆಗಳು ಗಾಬರಿಯಾಗಿ ಎದ್ದದ್ದಕ್ಕೆ ನಕ್ಕರು.
ಮೂವತ್ತು ವರ್ಷ ಟ್ಯಾಂಕು ಹೊತ್ತು ಔಷಧಿ ಹೊಡೆದ ಕರಿಯಪ್ಪ ನಗಲಿಲ್ಲ.
ಹತ್ತಿರ ಬಂದ, ರೆಕ್ಕೆ ಮುಟ್ಟಿದ,
"ಇದಕ್ಕೆ ವಾಂತಿ ಬರಕಿಲ್ವಾ?" ಅಂದ.

ಇವತ್ತು ಚಿಕ್ಕಬೋರಮ್ಮನ ಗದ್ದೆ.
ನಮ್ಮದಕ್ಕೂ ಅವಳದಕ್ಕೂ ನಡುವೆ ಒಂದೇ ಬದು.
ಪರದೆಯಲ್ಲಿ ಚುಕ್ಕಿಗಳ ಕೆಳಗೊಂದು ಚಿತ್ರವಿರುತ್ತದೆ,
ಆಕಾಶದಿಂದ ತೆಗೆದದ್ದು, ಯಾವ ಕಾಲದ್ದೋ.
ಐದಾರು ವರ್ಷದ ಹಿಂದೆ ಬಿದ್ದ ಹೊಂಗೆಮರ
ಅದರಲ್ಲಿ ಇನ್ನೂ ನಿಂತಿದೆ, ನೆರಳಿನ ಸಮೇತ.
ನಮ್ಮ ಕೊಟ್ಟಿಗೆಗೆ ಇನ್ನೂ ಹಂಚು.
ಅದರಲ್ಲಿ ಬದು ದಾರ ಹಿಡಿದಂತೆ ನೆಟ್ಟಗಿದೆ.
ನಾನು ನಿಂತಿರುವ ಬದು
ಅವಳ ಕಡೆಗೆ ಹೊಟ್ಟೆ ಬಿಟ್ಟಿದೆ.

ಟಿಲ್ಲರು ನಮ್ಮದು. ಹೊಡೆಯುವವರು ನಮ್ಮ ಮಾವ.
ವರ್ಷಕ್ಕೆ ಎರಡು ಸಲ, ಸಲಕ್ಕೊಂದು ಮೊಳ.
ಮಣ್ಣು ಕೂಗುವುದಿಲ್ಲ.

ಕೊನೆಯ ಚುಕ್ಕಿಯನ್ನು ಇರುವ ಬದುವಿನ ಮೇಲೇ ಇಟ್ಟೆ.
ಯಂತ್ರ ಲೆಕ್ಕ ಹೇಳಿತು: ಇಪ್ಪತ್ತೆರಡು ಗುಂಟೆ.
"ಪಾಣೀಲಿ ಇಪ್ಪತ್ನಾಕು ಐತೆ ಕಣವ್ವ" ಅಂದಳು ಚಿಕ್ಕಬೋರಮ್ಮ,
ದೂರಿನಂತಲ್ಲ, ಹೊತ್ತೆಷ್ಟು ಅಂತ ಹೇಳುವ ಹಾಗೆ.
"ವರ್ಸಾ ವರ್ಸಾ ನಾಟಿ ಮುಗುದ್ ಮೇಲೆ
ಪೈರಿನ ಕಟ್ಟು ಮಿಕ್ಕತಾ ಬಂತು.
ಒಂದ್ವರ್ಸ ಒಂದು, ಮತ್ತೊಂದ್ವರ್ಸ ಮೂರು.
ನನ್ ಕೈ ಓಟ ಜಾಸ್ತಿ ಆಯ್ತೇನೋ ಅನ್ಕಂಡೆ."
ಸೆರಗಿನ ಗಂಟು ಬಿಚ್ಚಿ ಇಪ್ಪತ್ತೆರಡು ಗುಂಟೆಯ ದುಡ್ಡು ಎಣಿಸಿದಳು.
ರಸೀತಿ ಬರೆಯುವಾಗ ನನ್ನ ಪೆನ್ನು ನಿಂತಿತು,
ಶಾಯಿ ಇತ್ತು.

ಮಾರನೆಯ ದಿನ ನಮ್ಮ ಗದ್ದೆ.
ಬುತ್ತಿ ಹಿಡಿದು ಮಾವ ಏರಿ ಮೇಲೆ ಕೂತಿದ್ದರು,
ಸೊಸೆ ಹಾರಿಸುವುದನ್ನು ನೋಡಲು ಇಬ್ಬರು ಗೆಳೆಯರ ಜೊತೆ.
ಆ ಬದುವಿಗೆ ಬಂದೆ.
ಚಿತ್ರದಲ್ಲಿ ಹೊಂಗೆಮರ ಎಲ್ಲಿದೆಯೋ ನೋಡಿ
ನಮ್ಮ ಭತ್ತದೊಳಗೆ ಎರಡು ಮಾರು ಇಳಿದು
ಅಲ್ಲಿ ಒತ್ತಿದೆ ಚುಕ್ಕಿ.
ಕಾಲು ಕೆಸರಿನಲ್ಲಿ ಹೂತಿತ್ತು, ಬೆರಳು ನಡುಗಲಿಲ್ಲ.
ಅಥವಾ ನಡುಗಿತೇನೋ, ಗಾಳಿಯಿತ್ತು.

ಡ್ರೋನಿನ ಒಂದು ಸಾಲಿನ ಅಗಲ ಸರಿಯಾಗಿ ಎರಡು ಮಾರು.
ನಿನ್ನೆ ಅತ್ತಣಿಂದ ಬಿಟ್ಟದ್ದು, ಇವತ್ತು ಇತ್ತಣಿಂದ ಬಿಟ್ಟದ್ದು
ಆ ಒಂದೇ ಸಾಲು.

ಹನ್ನೆರಡನೆಯ ದಿನಕ್ಕೆ ಎರಡೂ ಗದ್ದೆ ಕಪ್ಪು ಹಸಿರಿಗೆ ತಿರುಗಿದವು.
ನಡುವೆ, ಮೂಲೆಯಿಂದ ಮೂಲೆಗೆ,
ಅರಿಶಿನದ ಕೈ ಎಳೆದಂತೆ ಒಂದು ಪಟ್ಟೆ.
ಪಾಂಡವಪುರದ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತದೆ.
ಹಾಲು ಹಾಕಲು ಹೋಗುವವರು ಸೈಕಲ್ ನಿಲ್ಲಿಸಿ ನೋಡುತ್ತಾರೆ,
ಏನೂ ಅನ್ನದೆ ಹೋಗುತ್ತಾರೆ.

"ಒಂದ್ ಸಾಲು ಬಿಟ್ಟೋಗದಲ್ಲವ್ವ" ಅಂದರು ಮಾವ, ಉಣ್ಣುತ್ತಾ.
"ಮಿಸೀನ್ಗೆ ಅಲ್ಲಿ ನಮ್ ಗದ್ದೆ ಕಾಣ್ನಿಲ್ಲ ಮಾವ."
ಮುದ್ದೆ ಮುರಿದ ಕೈ ಸಾರಿನಲ್ಲೇ ನಿಂತಿತು.
ಅತ್ತೆ ಇನ್ನೊಂದು ಸೌಟು ಬಡಿಸಿದರು.
ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ.

ಈ ಸಂಜೆ ಗುದ್ದಲಿ ಹೆಗಲಿಗೇರಿಸಿ ಹೋದವರು
ದೀಪ ಹಚ್ಚಿದರೂ ಬಂದಿಲ್ಲ.
ಬದು ಕಡಿಯುತ್ತಿದ್ದಾರೋ, ಕಟ್ಟುತ್ತಿದ್ದಾರೋ,
ಸುಮ್ಮನೆ ಹಳದಿಯ ಮುಂದೆ ಕೂತಿದ್ದಾರೋ.
ಹಿತ್ತಿಲ ಬಾಗಿಲಲ್ಲಿ ನಿಂತು ಕಿವಿಗೊಟ್ಟೆ.
ನಾಲೆಯ ನೀರು, ಕಪ್ಪೆ,
ನಡುನಡುವೆ ಒಂದು ಧಪ್ಪ್.

ಒಳಗೆ ಬ್ಯಾಟರಿಯ ನಾಲ್ಕು ದೀಪಗಳಲ್ಲಿ ಮೂರು ಹತ್ತಿವೆ.